ಲೆವೆಲ್ ಏರಬೇಕು, ನಗುವೂ ಬೇಕು ಅಂದ್ರೆ

ಬೇರೆ ಲೋಕಕ್ಕೆ ಹೋಗಿ ವಿಡಿಯೊ ಗೇಮ್‌ನಂತೆ ಲೆವೆಲ್ ಏರುವ ಕಾದಂಬರಿ ಬೇಕು, ಆದರೆ ಅಂಕಿಗಳ ಪಟ್ಟಿ ಓದಿ ಸಾಕಾಗಿದೆ ಅಂದಿದ್ದೀರಿ. ಹಾಗಾದರೆ ‘ಕೊನೊಸುಬಾ’ ಎಂಬ ಜಪಾನಿ ಹಾಸ್ಯ ಕಾದಂಬರಿ ಸರಣಿ ಹಿಡಿಯಿರಿ. ನತ್ಸುಮೆ ಅಕತ್ಸುಕಿ ಬರೆದದ್ದು. ಮುಖ್ಯ ಕಥೆ 17 ಸಂಪುಟ, 2020ರಲ್ಲಿ ಮುಗಿದಿದೆ. ಅರ್ಧಕ್ಕೇ ನಿಲ್ಲುವ ಭಯವಿಲ್ಲ.

ಲೆವೆಲ್, ಸ್ಕಿಲ್ ಪಾಯಿಂಟ್ ಎಲ್ಲ ಸಾಹಸಿಗಳ ಕಾರ್ಡಿನಲ್ಲೇ ಇರುತ್ತವೆ, ಪುಟಗಟ್ಟಲೆ ಲೆಕ್ಕವಿಲ್ಲ. ಕಥಾನಾಯಕ ಕಜುಮಾಗೆ ಅದೃಷ್ಟ ಜಾಸ್ತಿ, ಬುದ್ಧಿಯೂ ಪರವಾಗಿಲ್ಲ, ಉಳಿದದ್ದೆಲ್ಲ ಸಾಧಾರಣ. ಶುರುವಿನಲ್ಲೇ ದೈತ್ಯ ಕಪ್ಪೆಗಳ ಬೇಟೆ. ಜೊತೆಗಿರುವ ದೇವತೆ ಆಕ್ವಾ ಜಂಬದಿಂದ ನುಗ್ಗುತ್ತಾಳೆ, ಕಪ್ಪೆ ಅವಳನ್ನೇ ಬಾಯಿಗೆ ಹಾಕಿಕೊಳ್ಳುತ್ತದೆ! ಬಸ್ಸಿನಲ್ಲಿ ಅದನ್ನು ಓದುತ್ತಾ ಜೋರಾಗಿ ನಕ್ಕುಬಿಟ್ಟಿದ್ದೆ.

ಇಂಗ್ಲಿಷ್ ಅನುವಾದ ಯೆನ್ ಪ್ರೆಸ್‌ನವರದ್ದು. ಭಾಷೆ ಸುಲಭ. ಇದರ ಅನಿಮೆ (ಜಪಾನಿ ಕಾರ್ಟೂನ್ ಸರಣಿ) ನೋಡಿದ್ದರೂ ಮೊದಲ ಸಂಪುಟದಿಂದಲೇ ಶುರು ಮಾಡಿ. ಕಜುಮಾ ಮನಸ್ಸಿನಲ್ಲೇ ಗೊಣಗುವುದನ್ನು ಓದುವ ಖುಷಿಯೇ ಬೇರೆ.