ಬ್ರೂಜ್‌ನಿಂದ ದಾಮ್ಮೆ ಕಡೆ ಹೋಗಿ, ಗಾಳಿ ಮಾತ್ರ ನೋಡ್ಕೊಳ್ಳಿ

ಹತ್ತು ವರ್ಷದ ಮಗಳ ಜೊತೆ ಬೆಲ್ಜಿಯಂನಲ್ಲಿ ಒಂದ್ ದಿನ ಕಾರಿನ ಕಾಟ ಇಲ್ದೆ ಸೈಕಲ್ ಹೊಡೀಬೇಕು, ಏರು ಇರಬಾರ್ದು ಅಂದ್ರಲ್ಲ, ಕಣ್ಮುಚ್ಚಿ ಬ್ರೂಜ್‌ಗೆ ಟ್ರೈನ್ ಹತ್ತಿ. ಅಲ್ಲಿಂದ ದಾಮ್ಮೆ ಕಾಲುವೆ ಪಕ್ಕದಲ್ಲೇ ದಾರಿ, ದಾಮ್ಮೆ ಅನ್ನೋ ಪುಟ್ಟ ಊರಿಗೆ ಆರೇಳು ಕಿಮೀ, ಕಾಲು ಗಟ್ಟಿ ಇದ್ರೆ ಹಂಗೇ ನೆದರ್ಲ್ಯಾಂಡ್ಸ್‌ನ ಸ್ಲೌಸ್ ತನಕ ಒಟ್ಟು ಸುಮಾರು 15. ನೆಪೋಲಿಯನ್ ತೋಡಿಸೋಕೆ ಶುರು ಮಾಡಿಸಿದ ಕಾಲುವೆ ಅದು, ಅದಕ್ಕೇ ಸ್ಕೇಲ್ ಇಟ್ಟು ಗೆರೆ ಎಳೆದಂಗೆ ನೆಟ್ಟಗಿದೆ.

ದಡದ ಪಾಪ್ಲರ್ ಮರಗಳು ಒಂದೇ ಕಡೆ ವಾಲಿರೋದು ನೋಡಿದ್ರೇ ಗೊತ್ತಾಗುತ್ತೆ, ಆ ಸಪಾಟು ಊರಲ್ಲಿ ಗಾಳಿನೇ ಬೆಟ್ಟ. ಸಾಮಾನ್ಯವಾಗಿ ನೈಋತ್ಯದಿಂದ ಬೀಸುತ್ತೆ, ಅಂದ್ರೆ ಹೋಗ್ತಾ ಬೆನ್ನಿಗೆ ತಳ್ಳುತ್ತೆ, ಆಹಾ ಎಷ್ಟ್ ಸುಲಭ ಅಂತ ಖುಷೀಲಿ ದೂರ ಹೋಗ್ಬಿಡ್ತೀರಿ, ವಾಪಸ್ ಬರೋವಾಗ ಮುಖಕ್ಕೇ ಹೊಡೆಯುತ್ತೆ, ಆವಾಗ ಮಗಳು ಅಳೋದು ಗ್ಯಾರಂಟಿ (ನಮ್ಮನೇಲಿ ಅತ್ತಿದ್ದು ನಾನು). ಅದಕ್ಕೇ ಅರ್ಧ ಶಕ್ತಿ ವಾಪಸ್‌ಗೆ ಉಳಿಸ್ಕೊಳ್ಳಿ.

ಮ್ಯಾಪ್ ಬೇಡ. ಸೈಕಲ್ ದಾರಿಯ ಪ್ರತಿ ಜಂಕ್ಷನ್‌ಗೂ ಬೋರ್ಡಲ್ಲಿ ಒಂದ್ ನಂಬರ್ ಇರುತ್ತೆ, ಮುಂದಿನ ಜಂಕ್ಷನ್ ನಂಬರ್ ಹಿಡ್ಕೊಂಡು ಹೋಗ್ತಾ ಇರೋದಷ್ಟೆ. ಗಣಿ ಇಂಜಿನಿಯರ್ ಒಬ್ರು ಸುರಂಗದಲ್ಲಿ ನಂಬರ್ ಹಾಕೋ ಥರಾನೇ 1995ರಲ್ಲಿ ಬೆಲ್ಜಿಯಂನ ಲಿಂಬರ್ಗ್‌ನಲ್ಲಿ ಇದನ್ನ ಶುರು ಮಾಡಿದ್ದಂತೆ.

ದಾಮ್ಮೆ ದಾಟಿದ್ರೆ ಜೋಡಿ ಕಾಲುವೆ ಸಿಗುತ್ತೆ, ಅದ್ರಲ್ಲಿ ಒಂದರ ಅಡ್ಡಹೆಸರು ‘ನಾತ’, ಹಿಂದೆ ಅಗಸೆ ನಾರು ಕೊಳೆಹಾಕಿದ ನೀರು ಹರೀತಿತ್ತು. ಕೆಲವು ಕಡೆ ಲೋಕಲ್ ಕಾರು, ಟ್ರ್ಯಾಕ್ಟರ್ ಬರಬಹುದು, ಆದ್ರೆ ಜಾಸ್ತಿ ಭಯ ಲೈಕ್ರಾ ಗ್ಯಾಂಗ್‌ದು (ಮೈಗಂಟೋ ಬಟ್ಟೆ ಹಾಕ್ಕೊಂಡು ಜೋರಾಗಿ ಸೈಕಲ್ ಹೊಡೆಯೋರು), ಬೆಲ್ ಕೇಳಿದ ತಕ್ಷಣ ಬಲಕ್ಕೆ ಸರೀರಿ, ನಮ್ಮೂರ ಅಭ್ಯಾಸಕ್ಕೆ ಎಡಕ್ಕೆ ಹೋಗ್ಬೇಡಿ!