ನಿಮ್ಮ ಪ್ರಶ್ನೆ, ವಕೀಲಕ್ಕನ ಉತ್ತರ: ಪಾಲು ಕೇಳಿದರೆ ತವರು ತಪ್ಪುತ್ತದಾ?

ಈ ಸಲ ಬಂದ ಪತ್ರಗಳೆಲ್ಲ ಒಂದೇ ವಿಷಯದ ಸುತ್ತ ಇವೆ. ಇಸ್ಲಾಂನಲ್ಲಿ ಹೆಣ್ಣಿಗೆ ಏನಿದೆ, ಏನಿಲ್ಲ? ಮೊದಲೇ ಹೇಳಿಬಿಡುತ್ತೇನೆ, ನಾನು ಧರ್ಮಪಂಡಿತೆ ಅಲ್ಲ, ವಕೀಲೆ. ಮಂಗಳೂರು ಕಡೆಯ ಬ್ಯಾರಿ ಮನೆಯಲ್ಲಿ ಹುಟ್ಟಿದವಳು. ಚಿಕ್ಕಂದಿನಲ್ಲಿ ಮದರಸಕ್ಕೆ ಹೋಗಿ ಕುರ್‌ಆನ್ ಓದಲು ಕಲಿತೆ, ಅರ್ಥ ಗೊತ್ತಿರಲಿಲ್ಲ. ವಕೀಲಿ ಶುರು ಮಾಡಿದ ಮೇಲೆ ಕನ್ನಡ ಅನುವಾದ ಪಕ್ಕದಲ್ಲಿಟ್ಟುಕೊಂಡು ಮತ್ತೆ ಓದಿದೆ. ಆ ಓದು ಮತ್ತು ಕೋರ್ಟಿನ ವರಾಂಡದಲ್ಲಿ ಕಂಡದ್ದು, ಇವೆರಡೇ ನನ್ನ ಉತ್ತರಗಳ ಬಂಡವಾಳ.

ಪ್ರಶ್ನೆ: ತಂದೆ ತೀರಿಕೊಂಡು ಎಂಟು ತಿಂಗಳಾಯಿತು. ಒಂದು ಎಕರೆ ಅಡಿಕೆ ತೋಟ ಇದೆ. ಉಮ್ಮ, ಇಬ್ಬರು ಅಣ್ಣಂದಿರು, ಮತ್ತೆ ನಾನು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಅಂತ ಅಣ್ಣಂದಿರು ಒತ್ತಾಯ ಮಾಡುತ್ತಿದ್ದಾರೆ. "ನಿನ್ನ ಮದುವೆಗೆ ಚಿನ್ನ ಹಾಕಿಲ್ವಾ?" ಅಂತಾರೆ. ನನಗೆ ಪಾಲು ಇದೆಯಾ? ಕೇಳಿದರೆ ತವರು ತಪ್ಪಿಹೋಗುತ್ತದಾ?
– ಓದುಗರೊಬ್ಬರು, ಬಂಟ್ವಾಳ

ಉತ್ತರ: ಪಾಲು ಇದೆ ತಂಗಿ. ಅಣ್ಣಂದಿರು ಒಪ್ಪಿದರೆ ಮಾತ್ರ ಸಿಗುವ ಪಾಲಲ್ಲ ಅದು. ತಂದೆ ಕಣ್ಣುಮುಚ್ಚಿದ ಕ್ಷಣಕ್ಕೇ ನಿಮ್ಮದಾಗಿದೆ.

ಲೆಕ್ಕ ಹೇಳುತ್ತೇನೆ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೊದಲು ದಫನದ ಖರ್ಚು, ಆಮೇಲೆ ತಂದೆಯ ಸಾಲ. ಉಮ್ಮನಿಗೆ ಮಹರ್, ಅಂದರೆ ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ಹಣ, ಕೊಡದೆ ಬಾಕಿ ಇಟ್ಟಿದ್ದರೆ ಅದೂ ಸಾಲವೇ, ಹಂಚಿಕೆಗೆ ಮೊದಲೇ ಅವರಿಗೆ ಸಲ್ಲಬೇಕು. ಇದನ್ನು ಎಷ್ಟೋ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಂದೆ ವಸೀಯತ್, ಅಂದರೆ ಉಯಿಲು, ಬರೆದಿಟ್ಟಿದ್ದರೆ ಅದು ಉಳಿದದ್ದರ ಮೂರನೇ ಒಂದು ಭಾಗ ದಾಟುವಂತಿಲ್ಲ. ಅದೂ ಇಲ್ಲ ಅಂದುಕೊಳ್ಳೋಣ, ಅಜ್ಜ ಅಜ್ಜಿ ಮೊದಲೇ ಹೋಗಿದ್ದಾರೆ ಅಂದುಕೊಳ್ಳೋಣ. ಆಗ ಉಮ್ಮನಿಗೆ ಎಂಟನೇ ಒಂದು ಭಾಗ. ಉಳಿದದ್ದರಲ್ಲಿ ಒಬ್ಬೊಬ್ಬ ಅಣ್ಣನಿಗೆ ಎರಡು, ನಿಮಗೆ ಒಂದು. ನೂರು ಸೆಂಟ್ಸ್ ತೋಟದಲ್ಲಿ ಉಮ್ಮನಿಗೆ 12.5 ಸೆಂಟ್ಸ್, ಅಣ್ಣಂದಿರಿಗೆ ತಲಾ 35, ನಿಮಗೆ 17.5. ಮದುವೆಗೆ ಹಾಕಿದ ಚಿನ್ನ ಈ ಲೆಕ್ಕದಲ್ಲಿ ಕಳೆಯುವುದಿಲ್ಲ. ಅದು ತಂದೆ ಬದುಕಿದ್ದಾಗ ಮಗಳಿಗೆ ಕೊಟ್ಟದ್ದು. ಪಾಲು ಬೇರೆ.

ಈ ಪಾಲು ಹೇಗೆ ಬಂತು ಗೊತ್ತಾ? ಪ್ರವಾದಿಯವರ ಕಾಲದ ಉಹುದ್ ಯುದ್ಧದಲ್ಲಿ ಸಅದ್ ಬಿನ್ ರಬೀಅ್ ಎನ್ನುವವರು ತೀರಿಕೊಂಡರು. ಇಬ್ಬರು ಹೆಣ್ಣುಮಕ್ಕಳಿದ್ದರು. ಸಅದರ ತಮ್ಮ ಬಂದು ಇಡೀ ಆಸ್ತಿ ತೆಗೆದುಕೊಂಡ. ಆಗಿನ ಅರಬರ ಪದ್ಧತಿಯೇ ಹಾಗಿತ್ತು. ಸಅದರ ಹೆಂಡತಿ ಮಕ್ಕಳಿಬ್ಬರನ್ನೂ ಕರೆದುಕೊಂಡು ಪ್ರವಾದಿಯವರ ಹತ್ತಿರ ಹೋದರು. ಆಸ್ತಿ ಇಲ್ಲದೆ ಇವರಿಗೆ ಮದುವೆ ಹೇಗಾಗುತ್ತದೆ ಅಂತ ಕೇಳಿದರು. ಆಮೇಲೆ ಪಾಲಿನ ಆಯತ್ತು, ಅಂದರೆ ಕುರ್‌ಆನಿನ ವಚನ, ಬಂತು. ಪ್ರವಾದಿಯವರು ಆ ಚಿಕ್ಕಪ್ಪನನ್ನು ಕರೆಸಿ ಹೇಳಿದರು: ಮೂರರಲ್ಲಿ ಎರಡು ಭಾಗ ಹೆಣ್ಣುಮಕ್ಕಳಿಗೆ ಕೊಡು, ಎಂಟನೇ ಒಂದು ಭಾಗ ಇವರ ತಾಯಿಗೆ ಕೊಡು, ಉಳಿದದ್ದು ನಿನಗೆ. ಒಬ್ಬಳು ವಿಧವೆ ಎದ್ದು ಹೋಗಿ ಕೇಳಿದ್ದರಿಂದ ಬಂದ ಪಾಲು ಇದು. ಈಗ ಅದನ್ನೇ ಕೇಳಬಾರದು, ಕೇಳಿದವಳು ಕೆಟ್ಟವಳು ಅಂದರೆ ಹೇಗೆ?

ನನ್ನ ಉಮ್ಮನ ಕತೆ ಹೇಳುತ್ತೇನೆ. ಉಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದವರು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು, ನೂಲು. ಸಹಿ ಮಾಡಲು ಕಲಿತದ್ದೇ ಬೀಡಿ ಬ್ರಾಂಚಿನ ಪುಸ್ತಕಕ್ಕಾಗಿ. ಒಂದು ದಿನ ಅವರ ಅಣ್ಣಂದಿರು ಬಂದು ಕಾಗದ ಮುಂದಿಟ್ಟರು. ಉಮ್ಮ ಹೊಗೆಸೊಪ್ಪಿನ ಪುಡಿ ಹತ್ತಿದ ಬೆರಳನ್ನು ಸೀರೆಗೆ ಒರೆಸಿ, ಓದದೆ ಸಹಿ ಹಾಕಿದರು. ಬದಲಿಗೆ ಒಂದು ಸೀರೆ, ಒಂದು ಮುಡಿ ಅಕ್ಕಿ ಬಂತು. ಸಹಿಯ ಕೆಳಗೆ ಬೆರಳಿನ ಗುರುತು ಕಂದು ಬಣ್ಣದಲ್ಲಿ ಉಳಿದಿತ್ತು. ವಕೀಲೆ ಆದ ಮೇಲೆ ಆ ಪತ್ರದ ಪ್ರತಿ ತರಿಸಿ ನೋಡಿದೆ, ನಕಲಿನಲ್ಲೂ ಕಾಣುತ್ತಿತ್ತು. ಎಂಟು ತೆಂಗಿನ ಮರ ಇದ್ದ ಜಾಗ ಅದು. ಆ ಎಂಟು ಮರ ಇದ್ದಿದ್ದರೆ ಉಮ್ಮ ಅರುವತ್ತರವರೆಗೆ ಬೀಡಿ ಕಟ್ಟಬೇಕಾಗಿರಲಿಲ್ಲ.

ಹಾಗಾಗಿ ಈಗ ಸಹಿ ಹಾಕಬೇಡಿ. ಪಹಣಿ ತೆಗೆಸಿ, ತಂದೆಯ ಮರಣ ಪ್ರಮಾಣಪತ್ರದ ಪ್ರತಿ ಇಟ್ಟುಕೊಳ್ಳಿ. ಅಣ್ಣಂದಿರ ಹತ್ತಿರ ಜಗಳ ಬೇಡ, ಉಮ್ಮನನ್ನೂ ಕೂರಿಸಿಕೊಂಡು ವಿಭಾಗ ಪತ್ರ ಮಾಡೋಣ ಅನ್ನಿ. ಪಾಲು ಮೊದಲು ನಿಮ್ಮ ಹೆಸರಿಗೆ ಬರಲಿ. ಆಮೇಲೆ ನಿಮಗೆ ಮನಸ್ಸಾದರೆ ಅಣ್ಣನಿಗೇ ಕೊಡಿ, ಅದು ನಿಮ್ಮ ಖುಷಿ. ಕೈಗೆ ಬರುವ ಮೊದಲೇ ಬಿಟ್ಟುಕೊಡಬೇಡಿ. ತವರು ತಪ್ಪುತ್ತದಾ ಅಂತ ಕೇಳಿದ್ದೀರಿ. ಪಾಲು ಕೇಳಿದವರಲ್ಲಿ ಕೆಲವರಿಗೆ ಒಂದೆರಡು ಹಬ್ಬ ತವರಿನ ಬಾಗಿಲು ಮುಚ್ಚಿದ್ದನ್ನು ನೋಡಿದ್ದೇನೆ. ಹೆಚ್ಚಿನ ಕಡೆ ಮತ್ತೆ ತೆರೆದದ್ದನ್ನೂ ನೋಡಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ಹಿಂದೂ. ಕುತೂಹಲದಿಂದ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಇಸ್ಲಾಂ ಸಮಾನತೆ ಕೊಟ್ಟಿದೆ ಅನ್ನುತ್ತೀರಿ. ಮಗನಿಗೆ ಎರಡು, ಮಗಳಿಗೆ ಒಂದು ಅಂದರೆ ಅದು ಸಮಾನತೆ ಹೇಗೆ?
– ದಾವಣಗೆರೆ

ಉತ್ತರ: ಮೇಷ್ಟ್ರೇ, ತಪ್ಪು ತಿಳಿಯುವಂಥದ್ದು ಏನೂ ಇಲ್ಲ. ಇದೇ ಪ್ರಶ್ನೆ ನನ್ನ ಮಗಳೂ ಕೇಳಿದ್ದಾಳೆ.

ದೇವರ ಮುಂದೆ ಗಂಡು ಹೆಣ್ಣು ಒಂದೇ. ಕುರ್‌ಆನಿನ 33ನೇ ಅಧ್ಯಾಯದ 35ನೇ ವಚನ ನೋಡಿ. ಪುರುಷರು ಮತ್ತು ಸ್ತ್ರೀಯರು ಅಂತ ಜೋಡಿಜೋಡಿಯಾಗಿ ಹೇಳುತ್ತಾ ಹೋಗಿ, ಇಬ್ಬರಿಗೂ ಒಂದೇ ಪ್ರತಿಫಲ ಅನ್ನುತ್ತದೆ. ಆಸ್ತಿಯ ವಿಷಯಕ್ಕೆ ಬಂದರೆ ಮಗಳಿಗೆ ಮಗನ ಅರ್ಧ, ಇದು ನಿಜ. ಎಲ್ಲ ಕಡೆ ಹಾಗಿಲ್ಲ. ಮಗ ತೀರಿಕೊಂಡು ಅವನಿಗೆ ಗಂಡುಮಕ್ಕಳಿದ್ದರೆ, ಅವನ ತಂದೆಗೂ ತಾಯಿಗೂ ತಲಾ ಆರನೇ ಒಂದು ಭಾಗ, ಸಮಸಮ.

ಅರ್ಧಕ್ಕೆ ವಿದ್ವಾಂಸರು ಕೊಡುವ ಕಾರಣ ಇದು: ಮನೆ ನಡೆಸುವ ಹೊಣೆ ಗಂಡಿನ ಮೇಲೆ, ಮಹರ್ ಕೊಡುವವನೂ ಅವನೇ. ಹೆಣ್ಣಿನ ಹಣ ಪೂರ್ತಿ ಅವಳದ್ದು, ಅದರಲ್ಲಿ ಒಂದು ರೂಪಾಯಿಯನ್ನೂ ಮನೆಗೆ ಖರ್ಚು ಮಾಡಬೇಕಾಗಿಲ್ಲ. ಏಳನೇ ಶತಮಾನಕ್ಕೆ ಅದು ಎಷ್ಟು ದೊಡ್ಡ ಮಾತು ಯೋಚಿಸಿ. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿಗೆ ತನ್ನ ಆಸ್ತಿ ತನ್ನ ಹೆಸರಲ್ಲಿ ಇಟ್ಟುಕೊಳ್ಳುವ ಪೂರ್ಣ ಹಕ್ಕು ಕೊಟ್ಟ ಕಾಯ್ದೆ ಬಂದದ್ದು 1882ರಲ್ಲಿ. ನಮ್ಮ ಕರ್ನಾಟಕದಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡಿನಷ್ಟೇ ಹಕ್ಕು ಸಿಕ್ಕಿದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ.

ಆದರೆ ಹಳೆಯ ಹೆಮ್ಮೆ ಹೇಳಿಕೊಂಡು ಸುಮ್ನೆ ಕೂರಲು ನನ್ನಿಂದ ಆಗುವುದಿಲ್ಲ. ಗಂಡು ಹೊಣೆ ಹೊರುತ್ತಾನೆ ಎನ್ನುವ ಮಾತಿನ ಮೇಲೆ ಎರಡು ಪಾಲು ನಿಂತಿದೆ. ನಮ್ಮ ಕಡೆ ಬೀಡಿ ಕಟ್ಟಿ, ಟೀಚರ್ ಆಗಿ, ನರ್ಸ್ ಆಗಿ ಮನೆ ನಡೆಸುತ್ತಿರುವವಳು ಹೆಣ್ಣು. ವಯಸ್ಸಾದ ತಾಯಿಗೆ ಮದ್ದು ತರುವವಳೂ ಅವಳೇ. ಹೊಣೆ ಹೊರದ ಅಣ್ಣ ಎರಡು ಪಾಲು ಎಣಿಸಿಕೊಂಡರೆ ಅದು ನ್ಯಾಯ ಅಲ್ಲ, ನಾನು ಹಾಗೆಯೇ ನಂಬಿದ್ದೇನೆ.

ದಾರಿ ಇದೆ. ತಂದೆ ತಾಯಿ ಬದುಕಿದ್ದಾಗ ಹಿಬಾ, ಅಂದರೆ ದಾನ ಮಾಡಬಹುದು. ಅದಕ್ಕೆ ಮೂರನೇ ಒಂದು ಭಾಗದ ಮಿತಿ ಇಲ್ಲ. ನುಅ್‌ಮಾನ್ ಬಿನ್ ಬಶೀರ್ ಅವರ ಹದೀಸ್, ಅಂದರೆ ಪ್ರವಾದಿಯವರ ನಡೆನುಡಿಯ ವರದಿ, ಎಲ್ಲ ಮುಸ್ಲಿಂ ತಂದೆಯರಿಗೂ ಗೊತ್ತಿರಬೇಕು. ಅವರ ತಂದೆ ಒಬ್ಬ ಮಗನಿಗೆ ಮಾತ್ರ ಒಂದು ಉಡುಗೊರೆ ಕೊಟ್ಟು, ಪ್ರವಾದಿಯವರನ್ನು ಸಾಕ್ಷಿ ನಿಲ್ಲಲು ಕರೆದರು. ನಿನ್ನ ಎಲ್ಲ ಮಕ್ಕಳಿಗೂ ಹೀಗೇ ಕೊಟ್ಟಿದ್ದೀಯಾ ಅಂತ ಪ್ರವಾದಿ ಕೇಳಿದರು. ಇಲ್ಲ ಅಂದಾಗ, ಮಕ್ಕಳ ನಡುವೆ ನ್ಯಾಯ ಮಾಡು ಅಂದರು. ನನ್ನ ಕಕ್ಷಿದಾರರೊಬ್ಬರು ಇದನ್ನು ಕೇಳಿ ಮೂರು ಮಕ್ಕಳಿಗೂ ಸಮನಾಗಿ ಹಿಬಾ ಬರೆಸಿದರು. ಬಾಯಿಮಾತಿನ ಹಿಬಾವೂ ನಡೆಯುತ್ತದೆ, ಸ್ವಾಧೀನ ಕೊಟ್ಟಿರಬೇಕು ಅಷ್ಟೆ. ಆದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ ಅಂತ ನಾನು ಹೇಳುತ್ತೇನೆ.

ಬರೀ ಹೆಣ್ಣುಮಕ್ಕಳಿರುವ ಮನೆಯ ಕಷ್ಟ ಇನ್ನೊಂದು. ಮಗಳಂದಿರಿಗೆ ಮೂರರಲ್ಲಿ ಎರಡು ಭಾಗ ಹೋಗಿ, ತಾಯಿಯ ಪಾಲು ಕಳೆದು ಉಳಿದದ್ದು ತಂದೆಯ ಅಣ್ಣತಮ್ಮಂದಿರಿಗೆ ಹೋಗುತ್ತದೆ. ಪಕ್ಕದ ಕಾಸರಗೋಡು ಜಿಲ್ಲೆಯ ವಕೀಲ, ನಟ ಸಿ. ಶುಕೂರ್ ಮತ್ತು ಅವರ ಪತ್ನಿ ಶೀನಾ ಅವರಿಗೆ ಮೂವರು ಹೆಣ್ಣುಮಕ್ಕಳು. ನಿಕಾಹ್ ಆಗಿ ಎಷ್ಟೋ ವರ್ಷ ಆಗಿದ್ದರೂ, 2023ರ ಮಾರ್ಚ್ 8ರಂದು ವಿಶೇಷ ವಿವಾಹ ಕಾಯ್ದೆಯಡಿ ಮತ್ತೆ ಮದುವೆ ನೋಂದಾಯಿಸಿಕೊಂಡರು. ಆ ಕಾಯ್ದೆಯಡಿ ಮದುವೆಯಾದವರಿಗೆ ಈ ಪಾಲಿನ ಲೆಕ್ಕ ಅನ್ವಯಿಸುವುದಿಲ್ಲ, ಆಸ್ತಿ ಮಕ್ಕಳಿಗೇ ಸಿಗಲಿ ಅನ್ನುವುದೇ ಕಾರಣ. ಕೆಲವರು ಬೈದರು. ನನಗೆ ಅದರಲ್ಲಿ ಮಕ್ಕಳ ಮೇಲಿನ ಪ್ರೀತಿ ಕಂಡಿತು.

ಪ್ರಶ್ನೆ: ನನಗೆ 22 ವರ್ಷ. ಮನೆಯವರು ನೋಡಿದ ಹುಡುಗ ನನಗೆ ಇಷ್ಟ ಇಲ್ಲ ಅಂತ ಹೇಳಿದೆ. "ಹುಡುಗಿ ಸುಮ್ಮನಿದ್ದರೆ ಒಪ್ಪಿದ ಹಾಗೆ, ನಿಕಾಹ್ ದಿನ ಸುಮ್ಮನಿರು" ಅಂತ ಅಮ್ಮಿ ಹೇಳುತ್ತಾರೆ. ನನ್ನ ಮಾತಿಗೆ ಬೆಲೆ ಇಲ್ವಾ?
– ಶಿವಮೊಗ್ಗ

ಉತ್ತರ: ಇದೆ ಮಗಳೇ, ತುಂಬಾ ಇದೆ. ಮೌನವೇ ಒಪ್ಪಿಗೆ ಎನ್ನುವುದು ನಾಚಿಕೆಯಿಂದ ಬಾಯಿ ಬಿಡಲಾಗದ ಹುಡುಗಿಗಾಗಿ ಹೇಳಿದ ಮಾತು. ಬಾಯಿಬಿಟ್ಟು ಬೇಡ ಅಂದವಳ ಬಾಯಿ ಮುಚ್ಚಿಸಿ, ಅದನ್ನು ಮೌನ ಅನ್ನುವಂತಿಲ್ಲ. ಖನ್‌ಸಾ ಬಿಂತ್ ಖಿದಾಮ್ ಎನ್ನುವ ಹೆಣ್ಣಿಗೆ ತಂದೆ ಇಷ್ಟವಿಲ್ಲದ ಮದುವೆ ಮಾಡಿದರು. ಅವಳು ಪ್ರವಾದಿಯವರಿಗೆ ದೂರು ಕೊಟ್ಟಳು, ಆ ಮದುವೆ ರದ್ದಾಯಿತು.

ಬರೀರಾಳ ಕತೆ ನನಗೆ ಇನ್ನೂ ಇಷ್ಟ. ಅವಳು ದಾಸ್ಯದಿಂದ ಬಿಡುಗಡೆಯಾದವಳು. ಬಿಡುಗಡೆಯಾದ ಮೇಲೆ ಗಂಡ ಮುಗೀಸ್ ಬೇಡ ಅಂದಳು. ಅವನು ಮದೀನಾದ ಬೀದಿಗಳಲ್ಲಿ ಗಡ್ಡ ನೆನೆಯುವಷ್ಟು ಅಳುತ್ತಾ ಅವಳ ಹಿಂದೆ ತಿರುಗಿದ. ಪ್ರವಾದಿಯವರೇ ಅವಳ ಹತ್ತಿರ ಅವನ ಪರ ಮಾತಾಡಿದರು. ಇದು ಆಜ್ಞೆಯಾ ಅಂತ ಕೇಳಿದಳು. ಅಲ್ಲ, ಸುಮ್ಮನೆ ಶಿಫಾರಸು ಅಂದರು. ಹಾಗಾದರೆ ನನಗೆ ಅವನು ಬೇಡ ಅಂದಳು. ಅಷ್ಟೇ, ಯಾರೂ ಅವಳನ್ನು ಬಲವಂತ ಮಾಡಲಿಲ್ಲ. ನಿಮ್ಮ ಅಮ್ಮಿಗೆ ಈ ಕತೆಯನ್ನು ಪ್ರೀತಿಯಿಂದ ಹೇಳಿ.

ಖಾಝಿಯವರಿಗೆ ಈಗಲೇ, ನಿಕಾಹ್ ದಿನದ ತನಕ ಕಾಯದೆ, ಬರೆದು ತಿಳಿಸಿ. ನಿಮ್ಮ ಆಧಾರ್, ಮಾರ್ಕ್ಸ್‌ಕಾರ್ಡ್ ನಿಮ್ಮ ಕೈಯಲ್ಲೇ ಇರಲಿ. ಮನೆಯಲ್ಲಿ ಕೂಡಿಹಾಕಿದರೆ, ಹೊಡೆದರೆ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮುಂದಿನ ತಿಂಗಳು ನನ್ನ ನಿಕಾಹ್. ಮಹರ್ 786 ರೂಪಾಯಿ ಬರೆಸು, ಅದು ಪವಿತ್ರ ಸಂಖ್ಯೆ, ಬರಕತ್ ಅಂತ ಗೆಳೆಯರು ಹೇಳುತ್ತಿದ್ದಾರೆ. ಸರಿಯಾ?
– ಹುಬ್ಬಳ್ಳಿ

ಉತ್ತರ: ಒಂದು ಸೀರೆಯೂ ಬಾರದ ಮಹರ್ ಯಾಕಪ್ಪಾ? ಮಹರ್ ಹೆಣ್ಣಿಗೆ ಸಲ್ಲುವ ಹಣ, ಅವಳ ಅಪ್ಪನಿಗಲ್ಲ. ಮಹರ್-ಎ-ಫಾತಿಮಿ, ಅಂದರೆ ಪ್ರವಾದಿಯವರ ಮಗಳು ಫಾತಿಮಾರ ಮಹರ್, ಸುಮಾರು ಒಂದೂವರೆ ಕಿಲೋ ಬೆಳ್ಳಿ. ಇವತ್ತಿನ ಬೆಳ್ಳಿ ದರಕ್ಕೆ ನೀವೇ ಗುಣಿಸಿ ನೋಡಿ. ಅಷ್ಟೇ ಇರಬೇಕು ಅಂತಿಲ್ಲ, ಮದುಮಗಳನ್ನು ಕೇಳಿ ನಿಮ್ಮ ಶಕ್ತಿಗೆ ತಕ್ಕಷ್ಟು ಬರೆಸಿ, ಆದರೆ ಅದೇ ದಿನ ಕೈಗೆ ಕೊಡಿ. ಜೋಡೆಯ ಹಣ ಅಂತ ಹುಡುಗಿಯ ಕಡೆಯಿಂದ ಲಕ್ಷಗಟ್ಟಲೆ ತೆಗೆದುಕೊಂಡಿದ್ದರೆ ಮೊದಲು ಅದನ್ನು ವಾಪಸ್ ಮಾಡಿ. ಅದು ವರದಕ್ಷಿಣೆ, ಕಾನೂನಿನಲ್ಲೂ ಅಪರಾಧ.

ಪ್ರಶ್ನೆ: ಗಂಡ ವಾಟ್ಸ್ಆ್ಯಪ್‌ನಲ್ಲಿ ಮೂರು ಸಲ ತಲಾಖ್ ಅಂತ ವಾಯ್ಸ್ ಕಳಿಸಿದ್ದಾರೆ. ಆಯ್ತು, ಮುಗೀತು ಅಂತ ಹಿರಿಯರು ಹೇಳುತ್ತಿದ್ದಾರೆ. ಎರಡು ಮಕ್ಕಳಿದ್ದಾರೆ.
– ಕಲಬುರಗಿ

ಉತ್ತರ: ಮುಗಿದಿಲ್ಲ ಅಕ್ಕಾ. ಆ ವಾಯ್ಸ್ ಅಳಿಸಬೇಡಿ, ಇನ್ನೊಂದು ಫೋನಿಗೂ ಕಳಿಸಿ ಇಟ್ಟುಕೊಳ್ಳಿ. ಶಾಯರಾ ಬಾನೊ ಪ್ರಕರಣದಲ್ಲಿ 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಒಂದೇ ಉಸಿರಿನ ಮೂರು ತಲಾಖನ್ನು ತಳ್ಳಿಹಾಕಿತು. 2019ರ ಕಾಯ್ದೆ ಪ್ರಕಾರ ಬಾಯಲ್ಲಿ ಹೇಳಿದರೂ, ಬರೆದರೂ, ಫೋನಿನಲ್ಲಿ ಕಳಿಸಿದರೂ ಅದಕ್ಕೆ ಬೆಲೆ ಇಲ್ಲ. ಮೂರು ವರ್ಷದವರೆಗೆ ಜೈಲು ಆಗಬಹುದು. ಜೈಲಿನ ದಾರಿ ಹಿಡಿಯುವ ಮೊದಲು ಯೋಚಿಸಿ, ಒಳಗಿರುವ ಗಂಡ ಮಕ್ಕಳ ಫೀಸು ಕಟ್ಟುವುದಿಲ್ಲ. ಆದರೆ ಜೀವನಾಂಶ ಮಾತ್ರ ಬಿಡಬೇಡಿ. ತಲಾಖ್ ಆದ ಶಾಬಾನೊ 1985ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಜೀವನಾಂಶದ ಹಕ್ಕನ್ನು 1986ರ ಕಾಯ್ದೆ ಕುಗ್ಗಿಸಿತು ಅಂತ ನಾವು ಎಷ್ಟು ವರ್ಷ ಕೊರಗಿದೆವು! 2024ರ ಜುಲೈ 10ರಂದು ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ, ಎಲ್ಲರಿಗೂ ಇರುವ ಜೀವನಾಂಶದ ಕಾನೂನು ಮುಸ್ಲಿಂ ಹೆಣ್ಣಿಗೂ ಇದೆ.

ನಿಮಗೇ ಈ ಮದುವೆ ಬೇಡ ಅನ್ನಿಸಿದರೆ ಖುಲಾ, ಅಂದರೆ ಹೆಂಡತಿಯ ಕಡೆಯಿಂದ ವಿಚ್ಛೇದನ, ಕೇಳಬಹುದು. ಗಂಡ ಎರಡು ವರ್ಷ ಖರ್ಚಿಗೆ ಕೊಡದಿದ್ದರೆ, ಹಿಂಸೆ ಕೊಟ್ಟರೆ, 1939ರ ಕಾಯ್ದೆಯಡಿ ಕೋರ್ಟಿನಿಂದ ಬಿಡುಗಡೆ ಪಡೆಯಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರು ಉಚಿತ, ಆದಾಯ ಎಷ್ಟೇ ಇರಲಿ.

ಪ್ರಶ್ನೆ: ನಮ್ಮ ಮಸೀದಿಯಲ್ಲಿ ಹೆಂಗಸರಿಗೆ ಜಾಗ ಇಲ್ಲ. ಕೇಳಬಹುದಾ?
– ವಿದ್ಯಾರ್ಥಿನಿ, ಉಡುಪಿ

ಉತ್ತರ: ಧಾರಾಳವಾಗಿ ಕೇಳಿ. ಅಲ್ಲಾಹನ ದಾಸಿಯರನ್ನು ಅಲ್ಲಾಹನ ಮಸೀದಿಗಳಿಂದ ತಡೆಯಬೇಡಿ ಅಂತ ಹದೀಸೇ ಇದೆ. ಹೆಂಗಸರು ಮಸೀದಿಗೆ ಹೋಗಲು ಅಡ್ಡಿ ಇಲ್ಲ ಅಂತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೇ 2020ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿದೆ. ಒಮ್ಮೆ ಉಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವಾಗ ಅಸರ್ ನಮಾಜಿನ ಹೊತ್ತಾಯಿತು. ಎದುರಿಗೇ ಮಸೀದಿ. ಒಳಗೆ ಜಾಗ ಇರಲಿಲ್ಲ. ಮಂಡಿನೋವಿನ ಉಮ್ಮ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ನಮಾಜ್ ಮಾಡಿದರು, ನಾನು ಅಡ್ಡ ನಿಂತು ಸೆರಗು ಹಿಡಿದಿದ್ದೆ.

ಒಂದೇ ಸಲ ಎಲ್ಲ ಕೇಳಬೇಡಿ. ಒಂದು ಕೋಣೆ, ಒಂದು ನಲ್ಲಿ, ಬೇರೆ ಬಾಗಿಲು, ಇಷ್ಟು ಕೇಳಿ. ಹತ್ತು ಮಂದಿ ಹೆಂಗಸರು ಸಹಿ ಮಾಡಿ ಮಸೀದಿಯ ಆಡಳಿತ ಸಮಿತಿಯಾದ ಜಮಾಅತ್‌ಗೆ ಅರ್ಜಿ ಕೊಡಿ. ಸಹಿ ಮಾಡುವವರು ಮೊದಲು ಓದಿಯೇ ಮಾಡಲಿ. ಅರ್ಜಿಯ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಅವರು ಏನು ಹೇಳಿದರು ಅಂತ ನನಗೆ ಬರೆಯಿರಿ.