ಕೊಂಬಿಲ್ಲದ ಮೇಕೆಯನ್ನು ಏಳನೇ ಪುಟದಲ್ಲಿ ಯಾಕೆ ಬಚ್ಚಿಟ್ಟಿರಿ?

ನಮಸ್ಕಾರ.

'ಮೇಕೆಯ ಉಪಯುಕ್ತ ಗುಣಗಳು ಮತ್ತು ವಂಶವಾಹಿಗಳು' ಅನ್ನುವ ನಿಮ್ಮ ಲೇಖನ ಬಂದು ಮೂರು ವಾರವಾಯ್ತು. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ 'ವಿಷಾದವಿದೆ' ಅಂತ ಎರಡು ಸಾಲು ಗೀಚಿ ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಕಾರಣ, ಏಳನೇ ಪುಟದ ಒಂದು ಪ್ಯಾರಾ. ಅದಕ್ಕೆ ಆಮೇಲೆ ಬರುತ್ತೇನೆ.

'ಆಡು ಮುಟ್ಟದ ಸೊಪ್ಪಿಲ್ಲ' ಅಂತ ಶುರು ಮಾಡಿದ್ದೀರಿ. ಮೇಕೆಯ ಬಗ್ಗೆ ನನ್ನ ಮೇಜಿಗೆ ಬರುವ ಹೆಚ್ಚುಕಡಿಮೆ ಎಲ್ಲ ಲೇಖನಗಳೂ ಹಾಗೇ ಶುರುವಾಗುತ್ತವೆ. ಅಲ್ಲಿಂದ ಸುಮಾರು 10,000 ವರ್ಷ ಹಿಂದಕ್ಕೆ ಹಾರಿ, ಕಾಡುಮೇಕೆ ಪಳಗಿದ್ದು, ಮೆಂಡೆಲ್ ಬಟಾಣಿ ಬೆಳೆದದ್ದು, ಡಿಎನ್‌ಎ ಏಣಿಯ ಹಾಗೆ ಸುತ್ತಿಕೊಂಡಿರುವುದು, ಹೀಗೆ ಒಂದೂವರೆ ಪುಟ. ಆಡಿನ ಕೊರಳ ಮೊಲೆ ನೋಡಿದ್ದೀರಲ್ಲ? ಜೋತಾಡುತ್ತದೆ, ಹಾಲು ಮಾತ್ರ ಬರುವುದಿಲ್ಲ. ಈ ಭಾಗವೂ ಹಾಗೇ. ತೆಗೆದುಬಿಡಿ. (ಅಂದಹಾಗೆ ಆ ಕೊರಳ ಮೊಲೆಯೂ ವಂಶವಾಹಿಯ ಕೆಲಸವೇ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು, ಮೂಡುತ್ತದೆ. ನಿಮ್ಮ ಪಟ್ಟಿಯಲ್ಲಿ ಅದೊಂದೇ ಬಿಟ್ಟುಹೋಗಿದೆ!)

ಪಟ್ಟಿ ಅಂದೆ, ಯಾಕಂದರೆ ಇದು ಪಟ್ಟಿಯೇ. ಹಾಲು, ಮಾಂಸ, ಅವಳಿ ಮರಿ, ತುಪ್ಪಳ, ರೋಗ ತಡೆಯುವ ಶಕ್ತಿ, ಹೀಗೆ ಹದಿನಾಲ್ಕು ಗುಣ. ಪ್ರತಿಯೊಂದಕ್ಕೂ ಒಂದು ವಂಶವಾಹಿ, ಒಂದು ಪ್ಯಾರಾ. ಓದುತ್ತಾ ಹೋದರೆ ಅಂಗಡಿಯ ಸಾಮಾನಿನ ಚೀಟಿ ಓದಿದ ಹಾಗಾಗುತ್ತದೆ. ಇಂಥ ಗುಣ ಬೇಕಾ, ಇಂಥ ವಂಶವಾಹಿ ತಗೊಳ್ಳಿ ಅನ್ನುವ ಧಾಟಿ. ಮೇಕೆ ಹಾಗೆ ಬಿಡಿಬಿಡಿಯಾಗಿ ಸಿಗುವ ಪ್ರಾಣಿಯಲ್ಲ ಅನ್ನುವುದು ನಿಮಗೇ ಗೊತ್ತು. ಏಳನೇ ಪುಟದಲ್ಲಿ ನೀವೇ ಬರೆದಿದ್ದೀರಿ:

'ನಾವು ನೋಡಿದ ಹಿಂಡಿನಲ್ಲಿ 31ನೇ ನಂಬರಿನ ಕಿವಿಯೋಲೆ ಹಾಕಿದ್ದ ಒಂದು ಮರಿ ಇತ್ತು. ಕೊಂಬಿರಲಿಲ್ಲ. ಹುಟ್ಟಿದಾಗ ಹೆಣ್ಣು ಅಂತ ಬರೆದುಕೊಂಡಿದ್ದರು. ವರ್ಷ ತುಂಬಿದರೂ ಬೆದೆಗೆ ಬರಲಿಲ್ಲ. ಬದಲಿಗೆ ಹೋತದ ವಾಸನೆ ಬರತೊಡಗಿತು.'

ಇಲ್ಲಿ ನಾನು ಎದ್ದು ಕೂತೆ. ಮುಂದಿನ ಸಾಲಿಗೆ ನೀವು ತುಪ್ಪಳಕ್ಕೆ ಹೋಗಿಬಿಟ್ಟಿರಿ!

ಆ ಮರಿಯಿಂದಲೇ ಲೇಖನ ಶುರುವಾಗಬೇಕು. ಕೊಂಬಿಲ್ಲದಿರುವುದು ಸಾಕುವವರಿಗೆ ಬೇಕಾದ ಗುಣ. ಬೇಲಿಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ, ಒಂದಕ್ಕೊಂದು ಹಾಯ್ದು ಕೆಚ್ಚಲಿಗೆ ಗಾಯ ಮಾಡುವುದಿಲ್ಲ. ಹುಟ್ಟಿ ವಾರವಾದ ಮರಿಯ ತಲೆಗೆ ಕಾದ ಕಬ್ಬಿಣ ಒತ್ತಿ ಕೊಂಬಿನ ಮೊಗ್ಗು ಸುಡುವ ಕೆಲಸವೂ ತಪ್ಪುತ್ತದೆ. ಮರಿಯ ತಲೆಬುರುಡೆ ತೆಳು. ಸ್ವಲ್ಪ ಜಾಸ್ತಿ ಹೊತ್ತು ಒತ್ತಿದರೆ ಬಿಸಿ ಮೆದುಳಿಗೇ ತಾಗುತ್ತದೆ. ಹಾಗಾಗಿ ಕೊಂಬೇ ಬಾರದ ಮೇಕೆ ಯಾರಿಗೆ ಬೇಡ?

ಆದರೆ ಆ ಗುಣದ ಬೆನ್ನಿಗೆ ಇನ್ನೊಂದು ಅಂಟಿಕೊಂಡಿದೆ. ಮರಿಗೆ ವಂಶವಾಹಿಯ ಎರಡು ಪ್ರತಿ ಬರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಕೊಂಬು ಬಾರದಂತೆ ಮಾಡುವ ರೂಪ ಒಂದೇ ಪ್ರತಿಯಲ್ಲಿದ್ದರೆ ಕೊಂಬು ಬರುವುದಿಲ್ಲ, ಅಷ್ಟೇ. ಎರಡೂ ಪ್ರತಿ ಅದೇ ಆಗಿದ್ದರೆ, ಹೆಣ್ಣಾಗಬೇಕಿದ್ದ ಮರಿ ಹೆಣ್ಣಾಗಿ ಬೆಳೆಯುವುದಿಲ್ಲ. ಅಂಡಾಶಯ ಆಗಬೇಕಾದದ್ದು ವೃಷಣದ ದಾರಿ ಹಿಡಿಯುತ್ತದೆ. ಮರಿ ಅತ್ತ ಹೋತವೂ ಅಲ್ಲ, ಇತ್ತ ಹಾಲು ಕೊಡುವ ಮೇಕೆಯೂ ಅಲ್ಲ. ಈ ನಂಟಿನ ಬಗ್ಗೆ ಆಸ್ಡೆಲ್ ಎಂಬ ವಿಜ್ಞಾನಿ 1944ರಲ್ಲೇ ಬರೆದಿದ್ದರು. ಕಾರಣ ಸಿಕ್ಕಿದ್ದು 2001ರಲ್ಲಿ. ಒಂದನೇ ಕ್ರೋಮೋಸೋಮಿನಲ್ಲಿ ಒಂದು ತುಂಡು ಇಲ್ಲ ಅಂತ ಫ್ರಾನ್ಸಿನ ಸಂಶೋಧಕರು ತೋರಿಸಿದರು. 2020ರಲ್ಲಿ ಇನ್ನೂ ಹತ್ತಿರದಿಂದ ನೋಡಿದಾಗ, ತುಂಡು ಹೋದ ಜಾಗದಲ್ಲಿ ಡಿಎನ್‌ಎಯ ಸುಮಾರು 4,80,000 ಅಕ್ಷರಗಳ ಇನ್ನೊಂದು ತುಂಡು ತಲೆಕೆಳಗಾಗಿ ಬಂದು ಸೇರಿರುವುದು ಗೊತ್ತಾಯ್ತು. 'ಅಂಡಾಶಯದ ವಂಶವಾಹಿ ಮುರಿದಿದೆ' ಅಂತ ನೀವು ಬರೆದದ್ದು ಸರಿಯಲ್ಲ. ಫಾಕ್ಸ್‌ಎಲ್2 ಅನ್ನುವ ಆ ವಂಶವಾಹಿ ನೆಟ್ಟಗೇ ಇದೆ. ಕೆಟ್ಟಿರುವುದು ದೂರದಲ್ಲಿರುವ ಅದರ ಸ್ವಿಚ್ಚು. ಬಲ್ಬು ಸರಿಯಿದೆ, ಗೋಡೆಯೊಳಗಿನ ತಂತಿ ಕಡಿದುಹೋಗಿದೆ.

ಈಗ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾದ ಮಾತು. ಕೊನೆಯ ಪುಟದ 'ಸಾಕುವವರಿಗೆ ಸೂಚನೆ'ಯಲ್ಲಿ 'ಕೊಂಬಿಲ್ಲದ ಹೋತ ಮತ್ತು ಕೊಂಬಿಲ್ಲದ ಮೇಕೆಯನ್ನು ಜೋಡಿ ಮಾಡಿ, ಗುಣ ಸ್ಥಿರವಾಗುತ್ತದೆ' ಅಂತಿದೆ. ಏಳನೇ ಪುಟ ಬರೆದವರೇ ಇದನ್ನೂ ಬರೆದರಾ ಅಂತ ನನಗೆ ಅನುಮಾನ ಬಂತು. ಲೆಕ್ಕ ಹಾಕಿ ನೋಡಿ. ಗಬ್ಬ ಕಟ್ಟುವ ಕೊಂಬಿಲ್ಲದ ಮೇಕೆ ಅಂದಮೇಲೆ ಅದರಲ್ಲಿ ಒಂದೇ ಪ್ರತಿ ಇರುತ್ತದೆ. ಹೋತದಲ್ಲೂ ಒಂದೇ ಇದ್ದರೆ, ಹೆಣ್ಣಾಗಬೇಕಿದ್ದ ನಾಲ್ಕು ಮರಿಗಳಲ್ಲಿ ಸರಾಸರಿ ಒಂದು ಕೆಡುತ್ತದೆ. ಹೋತದಲ್ಲಿ ಎರಡಿದ್ದರೆ ಅರ್ಧಕ್ಕರ್ಧ. ಕೊಂಬಿಲ್ಲದ ಹೋತಕ್ಕೆ ಕೊಂಬಿರುವ ಮೇಕೆ ಜೋಡಿಯಾದರೆ ಈ ತೊಂದರೆಯೇ ಇಲ್ಲ. ಮರಿಗಳಲ್ಲಿ ಅರ್ಧವೋ ಎಲ್ಲವೋ ಕೊಂಬಿಲ್ಲದೆ ಹುಟ್ಟುತ್ತವೆ. ಅಂದರೆ ಈ ಗುಣವನ್ನು ಹಿಂಡಿನಲ್ಲಿ ಸ್ಥಿರ ಮಾಡಲು ಹೋದಷ್ಟೂ ಹಿಂಡು ಬರಿದಾಗುತ್ತದೆ. ಲೇಖನದ ಬೆನ್ನೆಲುಬು ಇದೇ ಅಲ್ವಾ?

ಹಾಲಿನ ಭಾಗದಲ್ಲಿ 'ಇಳುವರಿಯ ಶೇ. 30ರಷ್ಟು ವಂಶವಾಹಿಯಿಂದ, ಉಳಿದದ್ದು ಮೇವಿನಿಂದ' ಅಂದಿದ್ದೀರಿ. ಈ ತಪ್ಪು ಓದಿದವರೂ ಮಾಡುತ್ತಾರೆ. ಒಂದು ಮೇಕೆಯ ಹಾಲನ್ನು ಹಾಗೆ ಪಾಲು ಮಾಡಲು ಬರುವುದಿಲ್ಲ. ಆ ಶೇ. 30 ಅನ್ನುವುದು ಹಿಂಡಿನಲ್ಲಿ ಮೇಕೆಗೂ ಮೇಕೆಗೂ ನಡುವೆ ಇರುವ ವ್ಯತ್ಯಾಸದ ಲೆಕ್ಕ. ಹೀಗೆ ಬರೆಯಿರಿ: ಹಿಂಡಿನ ಸರಾಸರಿ ದಿನಕ್ಕೆ 2 ಲೀಟರ್ ಅಂದುಕೊಳ್ಳಿ. 3 ಲೀಟರ್ ಕೊಡುವ ಮೇಕೆಗಳನ್ನೇ ಆರಿಸಿದಿರಿ, ಹೋತವೂ ಅಷ್ಟೇ ಒಳ್ಳೆಯದು. ಅವುಗಳ ಹೆಣ್ಣುಮರಿಗಳು ಸರಾಸರಿ 3 ಲೀಟರ್ ಕೊಡುವುದಿಲ್ಲ, ಸುಮಾರು 2.3 ಕೊಡುತ್ತವೆ. ಹೋತ ಹಾಲು ಕೊಡುವುದಿಲ್ಲವಲ್ಲ, ಅದರ ಯೋಗ್ಯತೆ ಹೇಗೆ ಗೊತ್ತಾಗುತ್ತದೆ ಅಂತ ಓದುಗರು ಕೇಳುತ್ತಾರೆ. ಅದರ ತಾಯಿ, ಅಕ್ಕತಂಗಿಯರು, ಮುಂದೆ ಅದಕ್ಕೆ ಹುಟ್ಟಿದ ಹೆಣ್ಣುಮರಿಗಳು ಕೊಟ್ಟ ಹಾಲಿನಿಂದ. ಅದನ್ನೂ ಒಂದು ಸಾಲಿನಲ್ಲಿ ಹೇಳಿ.

ಹಾಲಿನಲ್ಲಿರುವ ಕೇಸೀನ್ ಪ್ರೋಟೀನಿನ ಭಾಗ ಉಳಿಸಿಕೊಳ್ಳಿ, ನಾಲ್ಕು ಗ್ರಾಫ್ ಬೇಡ. ಆಲ್ಫಾ ಎಸ್1 ಕೇಸೀನಿನ ವಂಶವಾಹಿಯ 'ಎ' ರೂಪದ ಒಂದು ಪ್ರತಿಯಿಂದ ಲೀಟರ್ ಹಾಲಿಗೆ ಸುಮಾರು 3.6 ಗ್ರಾಂ, 'ಇ' ರೂಪದಿಂದ 1.6, 'ಎಫ್'ನಿಂದ 0.6. ಅದಕ್ಕೇ ಒಂದೇ ಅಳತೆಯ ಹಾಲಿನಲ್ಲಿ ಒಂದು ಮೇಕೆಯದು ಗಟ್ಟಿಯಾಗಿ ಒಡೆದು ಚೀಸ್ ಜಾಸ್ತಿ ಕೊಡುತ್ತದೆ, ಇನ್ನೊಂದರದು ಮೆತ್ತಗೆ ಉಳಿಯುತ್ತದೆ. 'ಇ' ರೂಪ ಬಂದದ್ದು ಹೇಗೆ ಅಂತ ನೀವು ಅಡಿಟಿಪ್ಪಣಿಯಲ್ಲಿ ಹಾಕಿದ್ದೀರಿ. ಡಿಎನ್‌ಎಯಲ್ಲಿ ಅಲೆಯುವ ತುಂಡೊಂದು ಬಂದು ಆ ವಂಶವಾಹಿಯ ಬಾಲದಲ್ಲಿ ಕೂತುಬಿಟ್ಟಿದೆ, 457 ಅಕ್ಷರಗಳದ್ದು. ಇಂಥದ್ದನ್ನು ಅಡಿಟಿಪ್ಪಣಿಗೆ ತಳ್ಳುತ್ತಾರಾ?

ಉಳಿದದ್ದು ಬೇಗ ಹೇಳುತ್ತೇನೆ. ಅವಳಿ ಮರಿಯ ಭಾಗದಲ್ಲಿ ನೀವು ವಿವರಿಸಿರುವ ಬೂರೂಲಾ ವಂಶವಾಹಿ ಕುರಿಯ ಕಥೆ. ಪರೀಕ್ಷಿಸಿದ ಬಹುತೇಕ ಮೇಕೆ ತಳಿಗಳಲ್ಲಿ ಅದು ಕಂಡಿಲ್ಲ. ಕುರಿಗೆ 54 ಕ್ರೋಮೋಸೋಮ್, ಮೇಕೆಗೆ 60. ಒಂದರ ಲೆಕ್ಕ ಇನ್ನೊಂದಕ್ಕೆ ಸುಮ್ನೆ ಹಚ್ಚಬೇಡಿ. 'ಮೂರ್ಛೆ ಹೋಗುವ ಮೇಕೆ' ನಿಜಕ್ಕೂ ಮೂರ್ಛೆ ಹೋಗುವುದಿಲ್ಲ. ಬೆಚ್ಚಿದಾಗ ಸ್ನಾಯು ಸೆಟೆದು ಬೀಳುತ್ತದೆ, ಪ್ರಜ್ಞೆ ಇರುತ್ತದೆ. ಹೇಗೂ ಇಲ್ಲಿ ಅದು ಬೇಡ. ಎಂಯುಸಿ6 ಅನ್ನುವ ವಂಶವಾಹಿಯ ಒಂದು ರೂಪ ಕಾಕಸಸ್ ಬೆಟ್ಟದ ಕಾಡು ನೆಂಟರಿಂದ ಸಾಕುಮೇಕೆಗೆ ಬಂದು, ಹೊಟ್ಟೆಯ ಹುಳು ತಡೆಯಲು ನೆರವಾಗಿ, ಈಗ ಹೆಚ್ಚುಕಡಿಮೆ ಎಲ್ಲ ಸಾಕುಮೇಕೆಗಳಲ್ಲೂ ಇದೆ ಅನ್ನುವ ಪ್ಯಾರಾ ಚೆನ್ನಾಗಿದೆ. ಆದರೆ ಅದು ಬೇರೆಯದೇ ಲೇಖನ. ಎತ್ತಿಡಿ, ಅದನ್ನೂ ಕೇಳುತ್ತೇನೆ.

ಹನ್ನೊಂದು ಪುಟ ನಾಲ್ಕಕ್ಕೆ ಇಳಿಯಲಿ. ಕೊಂಬು, ಹಾಲು, ಕೇಸೀನ್, ಮೂರೇ ಸಾಕು. ತಿಂಗಳೊಳಗೆ ಕಳಿಸಿದರೆ ನಾನೇ ತಿದ್ದುತ್ತೇನೆ. ಕಳಿಸುವ ಮೊದಲು ಆ ಹಿಂಡಿನವರನ್ನು ಇನ್ನೊಂದು ಸಲ ಮಾತಾಡಿಸಿ. 31ರ ಅಪ್ಪ ಅಮ್ಮ ಇಬ್ಬರಿಗೂ ಕೊಂಬಿರಲಿಲ್ಲವಾ? ಅದರ ಜೊತೆ ಹುಟ್ಟಿದ ಮರಿ ಇತ್ತಾ, ಅದಕ್ಕೇನಾಯ್ತು? ದಾಖಲೆ ಪುಸ್ತಕದಲ್ಲಿ ಈಗಲೂ ಅದು ಹೆಣ್ಣೇನಾ?